ಉತ್ಪಾದನಾ ಲೈನಿನ ಯಂತ್ರಗಳನ್ನು ದೂರದಿಂದ ನಡೆಸುವುದು: ತಂತ್ರಾಂಶ ಅಳವಡಿಸುವ ಹಂತಗಳು, ಎಡವುವ ಜಾಗಗಳು

ಕಾರ್ಖಾನೆಯ ಲೈನನ್ನು ಮನೆಯಿಂದಲೋ ಬೇರೊಂದು ಊರಿನ ಕಚೇರಿಯಿಂದಲೋ ನಡೆಸಬೇಕಾಗಿದೆ, ಯಾವ ತಂತ್ರಾಂಶ ಹಾಕಿಸಿಕೊಳ್ಳಲಿ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರು ನಿರೀಕ್ಷಿಸುವುದು ಒಂದು ಉತ್ಪನ್ನದ ಹೆಸರನ್ನು. ಆದರೆ ತಂತ್ರಾಂಶದ ಆಯ್ಕೆ ಈ ಕೆಲಸದಲ್ಲಿ ತಡವಾಗಿ ಬರುವ, ಉಳಿದವುಗಳಿಗೆ ಹೋಲಿಸಿದರೆ ಸುಲಭವಾದ ತೀರ್ಮಾನ. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದಿದೆ: ನೀವು ಆಜ್ಞೆ ಕೊಟ್ಟ ಮರುಕ್ಷಣವೇ ಸಂಪರ್ಕ ಕಡಿದುಹೋದರೆ ಯಂತ್ರ ಏನು ಮಾಡುತ್ತದೆ? ಸಂಪರ್ಕ ಎಂದಾದರೊಂದು ದಿನ ಕಡಿದೇ ಕಡಿಯುತ್ತದೆ ಎಂದು ಒಪ್ಪಿಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಹಾಗೆಂದೇ ಕೆಲವು ಹಂತಗಳು ದೀರ್ಘವಾಗಿವೆ, ಕೆಲವು ಒಂದೆರಡು ಮಾತಿನಲ್ಲಿ ಮುಗಿದಿವೆ.

ಮುಂದುವರಿಯುವ ಮೊದಲು ಪದಗಳ ಪರಿಚಯ. ಯಂತ್ರದ ಪ್ಯಾನೆಲಿನೊಳಗೆ ಕುಳಿತು ಸೆನ್ಸರುಗಳನ್ನು ಓದಿ, ಮೋಟಾರುಗಳಿಗೂ ವಾಲ್ವುಗಳಿಗೂ ಆಜ್ಞೆ ಕೊಡುವ ಕೈಗಾರಿಕಾ ಕಂಪ್ಯೂಟರನ್ನು ಪಿಎಲ್‌ಸಿ ಎನ್ನುತ್ತಾರೆ. ಆಪರೇಟರ್ ಎದುರು ನಿಂತು ಮುಟ್ಟಿ ನಡೆಸುವ ಪರದೆ ಎಚ್‌ಎಂಐ. ಹಲವು ಯಂತ್ರಗಳ ಮಾಹಿತಿಯನ್ನು ಒಂದೆಡೆ ತಂದು ತೋರಿಸುವ, ದಾಖಲಿಸುವ, ಅಲ್ಲಿಂದಲೇ ಆಜ್ಞೆ ಕಳುಹಿಸುವ ತಂತ್ರಾಂಶ ಸ್ಕಾಡಾ. ಪಿಎಲ್‌ಸಿಯ ಮೆಮೊರಿಯಲ್ಲಿ ಹೆಸರಿಟ್ಟು ಗುರುತಿಸಿದ ಒಂದೊಂದು ಮೌಲ್ಯವೂ ಟ್ಯಾಗ್. ತಾಪಮಾನ, ವೇಗ, ಮೋಟಾರು ಚಾಲನೆಯಲ್ಲಿದೆಯೇ ಎಂಬ ಸೂಚನೆ ಎಲ್ಲವೂ ಟ್ಯಾಗುಗಳೇ. ಸೆಟ್‌ಪಾಯಿಂಟ್ ಎಂದರೆ ಯಂತ್ರ ತಲುಪಿ ಉಳಿಸಿಕೊಳ್ಳಬೇಕೆಂದು ನಾವು ನಿಗದಿ ಮಾಡುವ ಗುರಿಮೌಲ್ಯ. ಸಾರ್ವಜನಿಕ ಇಂಟರ್ನೆಟ್ಟಿನ ಮೂಲಕವೇ, ಹೊರಗಿನವರು ಓದಲಾಗದಂತೆ ಗೂಢಲಿಪಿಯಲ್ಲಿ ಹಾಯುವ ಖಾಸಗಿ ದಾರಿ ವಿಪಿಎನ್.

ಹಂತ 1: ದೂರದಿಂದ ಏನು ಮಾಡಬೇಕು ಎಂಬುದನ್ನು ಬರೆದಿಡಿ

‘ದೂರದಿಂದ ನಡೆಸುವುದು’ ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳು ಅಡಗಿವೆ. ಉತ್ಪಾದನೆಯ ಎಣಿಕೆ, ಅಲಾರಂ, ತಾಪಮಾನಗಳನ್ನು ನೋಡುವುದು ಮೊದಲನೆಯದು. ಸೆಟ್‌ಪಾಯಿಂಟನ್ನೋ ರೆಸಿಪಿಯನ್ನೋ, ಅಂದರೆ ಒಂದು ಉತ್ಪನ್ನಕ್ಕೆ ಬೇಕಾದ ಮೌಲ್ಯಗಳ ಕಟ್ಟನ್ನೋ ಬದಲಿಸುವುದು ಎರಡನೆಯದು. ನಿಂತಿರುವ ಯಂತ್ರವನ್ನು ಚಾಲೂ ಮಾಡುವುದು ಮೂರನೆಯದು. ಪಿಎಲ್‌ಸಿಯ ಪ್ರೋಗ್ರಾಮನ್ನೇ ತಿದ್ದುವುದು ನಾಲ್ಕನೆಯದು. ಲೈನಿನ ಪ್ರತಿಯೊಂದು ಯಂತ್ರದ ಮುಂದೆ ಈ ನಾಲ್ಕರಲ್ಲಿ ಯಾವುದು ನಿಜಕ್ಕೂ ಬೇಕು, ಯಾರಿಗೆ ಬೇಕು ಎಂದು ಬರೆದುಕೊಳ್ಳಿ.

ಬರೆಯಲು ಕುಳಿತರೆ ಬಹುಪಾಲು ಅಗತ್ಯ ಮೊದಲನೆಯದರಲ್ಲೇ ತೀರುವುದು ಕಾಣುತ್ತದೆ. ರಾತ್ರಿ ಪಾಳಿಯಲ್ಲಿ ಲೈನ್ ಏಕೆ ನಿಂತಿತು ಎಂದು ತಿಳಿಯಲು ಅಲಾರಂ ಪಟ್ಟಿ ಓದಿದರೆ ಸಾಕು. ಯಂತ್ರವನ್ನು ಅಲುಗಾಡಿಸುವ ಅಧಿಕಾರ ಬೇಕಿಲ್ಲ. ಓದುವ ಅನುಮತಿಯಷ್ಟನ್ನೇ ಕೊಟ್ಟು ಕೆಲವು ತಿಂಗಳು ನಡೆಸಿ, ಬಳಿಕ ಅಗತ್ಯ ಕಂಡುಬಂದ ಟ್ಯಾಗುಗಳಿಗೆ ಮಾತ್ರ ಬರೆಯುವ ಅನುಮತಿ ಕೊಡುವುದು ಒಳ್ಳೆಯ ಕ್ರಮ. ಮೂರನೆಯ ಮತ್ತು ನಾಲ್ಕನೆಯ ಕೆಲಸಗಳನ್ನು ಸ್ಥಳದಲ್ಲಿ ಒಬ್ಬ ಆಪರೇಟರ್ ನಿಂತು, ಫೋನಿನಲ್ಲಿ ಮಾತನಾಡುತ್ತಾ ಇರುವಾಗಲಷ್ಟೇ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 2: ಯಂತ್ರಗಳ ಪಟ್ಟಿ ಮತ್ತು ಬ್ಯಾಕಪ್

ಪ್ರತಿ ಪಿಎಲ್‌ಸಿ, ಎಚ್‌ಎಂಐ ಮತ್ತು ಮೋಟಾರಿನ ವೇಗ ನಿಯಂತ್ರಿಸುವ ಡ್ರೈವಿನ ಮಾದರಿ, ಫರ್ಮ್‌ವೇರ್ (ಸಾಧನದೊಳಗೇ ಇರುವ ಮೂಲ ತಂತ್ರಾಂಶ) ಆವೃತ್ತಿ, ಜಾಲದಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸ ಮತ್ತು ಅದು ಮಾತನಾಡುವ ಪ್ರೋಟೊಕಾಲನ್ನು ಗುರುತು ಹಾಕಿಕೊಳ್ಳಿ. ಪ್ರೋಟೊಕಾಲ್ ಎಂದರೆ ಯಂತ್ರಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ನಿಯಮಾವಳಿ. ಇದು ತಿಳಿದಿರಲೇಬೇಕು, ಏಕೆಂದರೆ ಎಲ್ಲ ಪ್ರೋಟೊಕಾಲುಗಳೂ ಒಂದೇ ಬಗೆಯ ರಕ್ಷಣೆ ಕೊಡುವುದಿಲ್ಲ. 1979ರಲ್ಲಿ ಬಂದ, ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ಮಾಡ್‌ಬಸ್‌ನಲ್ಲಿ ಆಜ್ಞೆ ಕೊಡುತ್ತಿರುವವರು ಯಾರು ಎಂದು ಕೇಳುವ ಏರ್ಪಾಡೇ ಇಲ್ಲ. ಜಾಲದೊಳಗೆ ಬಂದು 502ನೆಯ ಪೋರ್ಟ್ (ಮಾಡ್‌ಬಸ್ ಸಂದೇಶಗಳು ಬರುವ ಬಾಗಿಲಿನ ಸಂಖ್ಯೆ) ತಲುಪಿದವರು ಮೌಲ್ಯ ಬರೆಯಬಲ್ಲರು. ಓಪಿಸಿ ಯುಎ ಎಂಬ ಹೊಸ ಪ್ರೋಟೊಕಾಲಿನಲ್ಲಿ ಪ್ರಮಾಣಪತ್ರ, ಗೂಢಲಿಪಿ, ಬಳಕೆದಾರರ ಗುರುತು ಮೂರೂ ಇವೆ. ಆದರೆ ಅಳವಡಿಸುವವರು ಅವಸರದಲ್ಲಿ ‘ಭದ್ರತೆ ಇಲ್ಲ’ ಎಂಬ ಆಯ್ಕೆಯನ್ನೇ ಉಳಿಸಿ ಹೋಗಿರಬಹುದು. ಅದನ್ನು ತೆರೆದು ನೋಡಿಕೊಳ್ಳಿ.

ಇದೇ ಹೊತ್ತಿನಲ್ಲಿ ಪಿಎಲ್‌ಸಿ ಮತ್ತು ಎಚ್‌ಎಂಐ ಪ್ರೋಗ್ರಾಮುಗಳ ಬ್ಯಾಕಪ್ ತೆಗೆದು, ಯಂತ್ರದಲ್ಲಿ ಈಗ ಓಡುತ್ತಿರುವುದಕ್ಕೂ ನಿಮ್ಮ ಕಡತದಲ್ಲಿರುವುದಕ್ಕೂ ವ್ಯತ್ಯಾಸವಿದೆಯೇ ಎಂದು ಹೋಲಿಸಿ. ವರ್ಷಗಳ ಹಿಂದಿನ ಕಡತವನ್ನು ಹಿಡಿದು ದೂರದಿಂದ ಪಿಎಲ್‌ಸಿಗೆ ತುಂಬಿದರೆ (ಇದನ್ನೇ ಡೌನ್‌ಲೋಡ್ ಎನ್ನುತ್ತಾರೆ), ನಡುವೆ ಸ್ಥಳದಲ್ಲೇ ಮಾಡಿದ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ.

ಹಂತ 3: ಸುರಕ್ಷತೆಯ ತಂತಿಗಳನ್ನು ತಂತ್ರಾಂಶದಿಂದ ದೂರವಿಡಿ

ಎಮರ್ಜೆನ್ಸಿ ಸ್ಟಾಪ್ ಗುಂಡಿ, ಬಾಗಿಲು ತೆರೆದರೆ ಯಂತ್ರವನ್ನು ನಿಲ್ಲಿಸುವ ಇಂಟರ್‌ಲಾಕ್, ಬೆಳಕಿನ ಕಿರಣಕ್ಕೆ ಏನಾದರೂ ಅಡ್ಡ ಬಂದರೆ ನಿಲ್ಲಿಸುವ ಲೈಟ್ ಕರ್ಟನ್ ಇವೆಲ್ಲ ಸುರಕ್ಷತೆಗೆಂದೇ ಇರುವ ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿಯ ಮೂಲಕ ಸ್ಥಳದಲ್ಲೇ ಕೆಲಸ ಮಾಡಬೇಕು. ನಿಮ್ಮ ಪರದೆಯ ಮೇಲಿನ ಕೆಂಪು ಗುಂಡಿ ಉತ್ಪಾದನೆಯನ್ನು ನಿಲ್ಲಿಸುವ ಒಂದು ಸಾಮಾನ್ಯ ಆಜ್ಞೆ ಮಾತ್ರ. ಅದು ಇಂಟರ್ನೆಟ್ಟನ್ನು ದಾಟಿ ಬರಬೇಕಾಗಿರುವುದರಿಂದ ಎಮರ್ಜೆನ್ಸಿ ಸ್ಟಾಪ್ ಎನಿಸಿಕೊಳ್ಳಲಾರದು, ಅದಕ್ಕೆ ಆ ಹೆಸರನ್ನೂ ಇಡಬೇಡಿ. ಹಾಗೆಯೇ ಸುರಕ್ಷತಾ ಟ್ರಿಪ್‌ ಅನ್ನು, ಅಂದರೆ ಸುರಕ್ಷತಾ ಸಾಧನ ಯಂತ್ರವನ್ನು ನಿಲ್ಲಿಸಿದ ಸ್ಥಿತಿಯನ್ನು, ದೂರದಿಂದ ರಿಸೆಟ್ ಮಾಡುವ ಸೌಲಭ್ಯ ಕೊಡಬೇಡಿ. ಗುಂಡಿ ಒತ್ತಿದವರು ಏನನ್ನು ಕಂಡು ಒತ್ತಿದರು ಎಂಬುದು ನಿಮಗೆ ಅಲ್ಲಿಂದ ಕಾಣುವುದಿಲ್ಲ. ಐಎಸ್‌ಒ 13850 ಮಾನದಂಡವೂ ಎಮರ್ಜೆನ್ಸಿ ಸ್ಟಾಪಿನ ರಿಸೆಟ್ ತಾನಾಗಿ ಯಂತ್ರವನ್ನು ಚಾಲೂ ಮಾಡಬಾರದು ಎನ್ನುತ್ತದೆ.

ಪ್ಯಾನೆಲಿನ ಮೇಲೆ ‘ಲೋಕಲ್–ರಿಮೋಟ್’ ಎಂಬ ಕೀಲಿ ಸ್ವಿಚ್ಚೊಂದನ್ನು ಹಾಕಿಸಿ, ಅದರ ಸಂಕೇತವನ್ನು ತಂತಿಯ ಮೂಲಕವೇ ಪಿಎಲ್‌ಸಿಗೆ ಕೊಡಿ. ಸ್ವಿಚ್ ಲೋಕಲ್‌ನಲ್ಲಿದ್ದಾಗ ದೂರದ ಯಾವ ಆಜ್ಞೆಯೂ ನಡೆಯಬಾರದು. ಅದನ್ನು ರಿಮೋಟ್‌ಗೆ ತಿರುಗಿಸುವ ಹಕ್ಕು ಯಂತ್ರದ ಬಳಿ ಇರುವವರದ್ದು. ದೂರದಿಂದ ಚಾಲೂ ಮಾಡಲು ಅನುಮತಿಸಿದ್ದರೆ ಯಂತ್ರ ಅಲುಗುವ ಮೊದಲು ಸೈರನ್ ಮೊಳಗಿ, ದೀಪ ಮಿನುಗಿ, ಕೆಲವು ಸೆಕೆಂಡುಗಳ ಕಾಲಾವಕಾಶ ಸಿಗಬೇಕು. ಆದರೆ ರಿಪೇರಿಗೆ ಯಂತ್ರದೊಳಗೆ ಕೈ ಹಾಕುವವರಿಗೆ ಈ ಸ್ವಿಚ್ಚಾಗಲಿ ಸೈರನ್ನಾಗಲಿ ರಕ್ಷಣೆಯಲ್ಲ. ಅವರು ಮುಖ್ಯ ವಿದ್ಯುತ್ ಸ್ವಿಚ್ಚನ್ನು ಆಫ್ ಮಾಡಿ, ತಮ್ಮದೇ ಬೀಗ ಹಾಕಿ, ಹೆಸರಿನ ಚೀಟಿ ತೂಗುಹಾಕುವ ಪದ್ಧತಿ ಯಾವ ತಂತ್ರಾಂಶ ಬಂದರೂ ಹಾಗೆಯೇ ಮುಂದುವರಿಯಬೇಕು. ಗಾಳಿಯ ಒತ್ತಡದಲ್ಲಿ ನಡೆಯುವ ಯಂತ್ರವಾದರೆ ಉಳಿದ ಒತ್ತಡವನ್ನೂ ಬಿಡುಗಡೆ ಮಾಡಬೇಕು.

ಹಂತ 4: ಜಾಲವನ್ನು ಕಟ್ಟುವುದು

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಅಂದರೆ ಹೊರಗಿನಿಂದ ಬರುವ ಸಂಪರ್ಕವನ್ನು ನೇರವಾಗಿ ಪಿಎಲ್‌ಸಿಗೋ ಎಚ್‌ಎಂಐಗೋ ತಿರುಗಿಸಿ ಕೆಲಸ ಮುಗಿಸುವ ದಾರಿಯನ್ನು ಯಾರು ಸೂಚಿಸಿದರೂ ಒಪ್ಪಬೇಡಿ. ಇಂಟರ್ನೆಟ್ಟಿಗೆ ತೆರೆದುಕೊಂಡಿರುವ ಇಂಥ ಸಾಧನಗಳನ್ನು ಹುಡುಕಿ ಪಟ್ಟಿ ಮಾಡುವ ಶೋಧಯಂತ್ರಗಳೇ ಇವೆ. 2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಲಿಕ್ವಿಪ್ಪಾ ಎಂಬಲ್ಲಿ ನೀರು ಸರಬರಾಜಿನ ಒತ್ತಡ ಹೆಚ್ಚಿಸುವ ಕೇಂದ್ರವೊಂದರ ಪಿಎಲ್‌ಸಿ ಹೊರಗಿನವರ ಕೈವಶವಾಯಿತು. ಸಿಬ್ಬಂದಿ ಆ ವ್ಯವಸ್ಥೆಯನ್ನು ಬಂದ್ ಮಾಡಿ ಕೈಯಿಂದ ನಡೆಸಬೇಕಾಯಿತು. ಬಳಿಕ ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ಕೊಟ್ಟ ಸಲಹೆಗಳಲ್ಲಿ, ತಯಾರಕರು ಇಟ್ಟಿರುವ 1111 ಎಂಬ ಪಾಸ್‌ವರ್ಡ್ ಬದಲಿಸಿ, ಪಿಎಲ್‌ಸಿಯನ್ನು ತೆರೆದ ಇಂಟರ್ನೆಟ್ಟಿನಿಂದ ಬೇರ್ಪಡಿಸಿ ಎಂಬ ಸರಳ ಮಾತುಗಳೂ ಇದ್ದವು.

ಸರಿಯಾದ ಏರ್ಪಾಡು ಹೀಗಿರುತ್ತದೆ. ಯಂತ್ರಗಳ ಜಾಲ ಕಚೇರಿಯ ಜಾಲದಿಂದ ಪ್ರತ್ಯೇಕವಾಗಿರಬೇಕು, ನಡುವೆ ಅನುಮತಿಯಿಲ್ಲದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಇರಬೇಕು. ಯಂತ್ರಗಳ ಜಾಲದಲ್ಲಿ ಅದನ್ನು ಹೊರಗಿನ ಜಾಲಕ್ಕೆ ಜೋಡಿಸುವ ಒಂದು ಕೈಗಾರಿಕಾ ಗೇಟ್‌ವೇ ಇಟ್ಟು, ಅದು ಒಳಗಿನಿಂದ ಹೊರಕ್ಕೆ ತಾನೇ ವಿಪಿಎನ್ ಸಂಪರ್ಕ ಕಟ್ಟಿಕೊಳ್ಳುವಂತೆ ಮಾಡಬೇಕು. ಹೊರಗಿನಿಂದ ಒಳಕ್ಕೆ ಯಾವ ಬಾಗಿಲೂ ತೆರೆಯಬೇಕಾಗಿಲ್ಲ. ಮೊಬೈಲ್ ಸಿಮ್ ಬಳಸುವವರಿಗಂತೂ ಇದೇ ದಾರಿ, ಏಕೆಂದರೆ ಸಾಮಾನ್ಯ ಸಿಮ್‌ಗೆ ಹೊರಗಿನಿಂದ ತಲುಪಬಹುದಾದ ಸ್ವಂತ ಐಪಿ ವಿಳಾಸ ಸಿಗುವುದಿಲ್ಲ.

ಇಲ್ಲಿ ಎರಡು ತೊಡಕುಗಳು ಪದೇ ಪದೇ ಎದುರಾಗುತ್ತವೆ. ಮೊದಲನೆಯದು ವಿಳಾಸಗಳ ಘರ್ಷಣೆ. ಯಂತ್ರ ತಯಾರಕರಲ್ಲಿ ಅನೇಕರು 192.168.0 ಅಥವಾ 192.168.1 ಎಂದು ಶುರುವಾಗುವ ವಿಳಾಸಗಳನ್ನೇ ಕೊಟ್ಟಿರುತ್ತಾರೆ. ನಿಮ್ಮ ಮನೆಯ ರೌಟರಿನ ವಿಳಾಸವೂ ಅದೇ ಸಾಲಿನದಾಗಿರುತ್ತದೆ. ಆಗ ವಿಪಿಎನ್ ಸೇರಿಕೊಂಡಿದೆ ಎಂದು ತೋರಿಸಿದರೂ ಪಿಎಲ್‌ಸಿ ಸಿಗುವುದಿಲ್ಲ, ಏಕೆಂದರೆ ನಿಮ್ಮ ಲ್ಯಾಪ್‌ಟಾಪ್ ಅದನ್ನು ಮನೆಯ ಜಾಲದಲ್ಲೇ ಹುಡುಕುತ್ತಿರುತ್ತದೆ. ಗೇಟ್‌ವೇಯಲ್ಲಿ ಪ್ರತಿ ಯಂತ್ರಕ್ಕೂ ಬೇರೊಂದು ಸಾಲಿನ ಪರ್ಯಾಯ ವಿಳಾಸ ಕೊಡುವ ನ್ಯಾಟ್ ಸೌಲಭ್ಯವಿದ್ದರೆ ಇದು ಬಗೆಹರಿಯುತ್ತದೆ. ಎರಡನೆಯದು, ಪಿಎಲ್‌ಸಿಯಲ್ಲಿ ಡೀಫಾಲ್ಟ್ ಗೇಟ್‌ವೇ ವಿಳಾಸವನ್ನು ನಮೂದಿಸದೆ ಬಿಟ್ಟಿರುವುದು. ಯಂತ್ರ ಒಂಟಿಯಾಗಿ ಓಡುತ್ತಿದ್ದಾಗ ಅದರ ಅಗತ್ಯವಿರಲಿಲ್ಲ; ಈಗ ನಿಮ್ಮ ಕರೆ ಪಿಎಲ್‌ಸಿಯನ್ನು ತಲುಪುತ್ತದೆ, ಉತ್ತರವನ್ನು ಯಾವ ಕಡೆಗೆ ಕಳುಹಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ತಂತ್ರಾಂಶ ಸರಿಯಿಲ್ಲವೆಂದು ದೂರುವ ಮೊದಲು ಈ ಎರಡನ್ನು ಪರೀಕ್ಷಿಸಿಕೊಳ್ಳಿ.

ಹಂತ 5: ತಂತ್ರಾಂಶದ ಆಯ್ಕೆ

ಮಾರುಕಟ್ಟೆಯಲ್ಲಿರುವುದನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ಕಾರ್ಖಾನೆಯ ಕಂಪ್ಯೂಟರಿನ ಅಥವಾ ಎಚ್‌ಎಂಐಯ ಪರದೆಯನ್ನು ಇದ್ದ ಹಾಗೆಯೇ ನಿಮ್ಮ ಮುಂದೆ ತರುವಂಥವು ಒಂದು. ಇವು ಅಗ್ಗ, ಬೇಗ ಅಳವಡಿಸಬಹುದು, ಆದರೆ ಆ ಪರದೆಯಲ್ಲಿರುವ ಎಲ್ಲ ಗುಂಡಿಗಳೂ ದೂರದಲ್ಲಿರುವವರ ಕೈಗೆ ಸಿಗುತ್ತವೆ. ಬರೀ ದಾರಿಯನ್ನು ಒದಗಿಸುವ, ಪ್ರೋಗ್ರಾಮ್ ತಿದ್ದುವ ಎಂಜಿನಿಯರ್‌ಗಳಿಗೆ ಅನುಕೂಲವಾದ ವಿಪಿಎನ್ ಸೇವೆಗಳು ಇನ್ನೊಂದು. ಟ್ಯಾಗುಗಳನ್ನು ಆಯ್ದು, ಯಾವುದನ್ನು ಓದಬಹುದು ಯಾವುದಕ್ಕೆ ಬರೆಯಬಹುದು ಎಂದು ಒಂದೊಂದಾಗಿ ನಿಗದಿ ಮಾಡಬಹುದಾದ ಸ್ಕಾಡಾ ಅಥವಾ ಕ್ಲೌಡ್ ವೇದಿಕೆಗಳು ಮೂರನೆಯವು. ದಿನನಿತ್ಯ ಲೈನ್ ನಡೆಸಲು ಮೂರನೆಯ ಬಗೆಯೇ ಸೂಕ್ತ.

ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಯಾರು, ಯಾವಾಗ, ಯಾವ ಮೌಲ್ಯವನ್ನು ಎಷ್ಟರಿಂದ ಎಷ್ಟಕ್ಕೆ ಬದಲಿಸಿದರು ಎಂಬ ದಾಖಲೆ ಉಳಿಯುತ್ತದೆಯೇ? ಇಂಟರ್ನೆಟ್ ಇಲ್ಲದಾಗ ಗೇಟ್‌ವೇ ಮಾಹಿತಿಯನ್ನು ತನ್ನಲ್ಲಿಟ್ಟುಕೊಂಡು ನಂತರ ಕಳುಹಿಸುತ್ತದೆಯೇ? ಅವರ ಸರ್ವರ್ ನಿಂತುಹೋದರೆ ಸ್ಥಳದ ಎಚ್‌ಎಂಐಯಿಂದ ಲೈನ್ ನಡೆಯುತ್ತಲೇ ಇರುತ್ತದೆಯೇ? ಚಂದಾ ಮುಗಿದರೆ ಹಳೆಯ ದಾಖಲೆಗಳನ್ನು ಹೊರತೆಗೆದುಕೊಳ್ಳಬಹುದೇ? ಇವುಗಳಿಗೆ ಬಾಯಿಮಾತಿನ ಉತ್ತರ ಸಾಲದು, ಪ್ರಾಯೋಗಿಕವಾಗಿ ತೋರಿಸಿಕೊಡಲು ಹೇಳಿ.

ಹಂತ 6: ಆಜ್ಞೆಗಳ ತರ್ಕವನ್ನು ಪಿಎಲ್‌ಸಿಯೊಳಗೆ ಬರೆಯಿರಿ

ಇಡೀ ಅಳವಡಿಕೆಯ ಜೀವಾಳ ಇಲ್ಲಿದೆ, ಹೆಚ್ಚಿನವರು ಹಾರಿಸಿಬಿಡುವ ಹಂತವೂ ಇದೇ.

ಎಚ್‌ಎಂಐಯಲ್ಲಿರುವ ಜಾಗ್ ಗುಂಡಿಯನ್ನು ತೆಗೆದುಕೊಳ್ಳಿ. ಬೆರಳು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕನ್ವೇಯರ್ ನಿಧಾನವಾಗಿ ಸರಿಯಬೇಕು, ಬಿಟ್ಟೊಡನೆ ನಿಲ್ಲಬೇಕು. ಒತ್ತಿದಾಗ ಪರದೆ ಒಂದು ಟ್ಯಾಗಿಗೆ 1 ಎಂದು ಬರೆಯುತ್ತದೆ, ಬಿಟ್ಟಾಗ 0 ಎಂದು ಬರೆಯುತ್ತದೆ. ಅದೇ ಪರದೆಯನ್ನು ದೂರದಿಂದ ಬಳಸುವಾಗ 1 ತಲುಪಿದ ಮೇಲೆ ಸಂಪರ್ಕ ಕಡಿದರೆ 0 ಬರುವುದೇ ಇಲ್ಲ. ನಿಮ್ಮ ಬೆರಳು ಗುಂಡಿಯಿಂದ ಎದ್ದು ಎಷ್ಟೋ ಹೊತ್ತಾಗಿದ್ದರೂ ಕನ್ವೇಯರ್ ಓಡುತ್ತಲೇ ಇರುತ್ತದೆ. ಆದ್ದರಿಂದ ಒತ್ತಿ ಹಿಡಿಯುವ ಯಾವ ಗುಂಡಿಯನ್ನೂ ದೂರದ ಪರದೆಯಲ್ಲಿ ಇಡಬಾರದು.

ಉಳಿದ ಆಜ್ಞೆಗಳಿಗೆ ಬೇಕಾದ ರಕ್ಷಣೆಯನ್ನು ಹಾರ್ಟ್‌ಬೀಟ್ ಎನ್ನುತ್ತಾರೆ. ದೂರದ ಪರದೆ ಸೆಕೆಂಡಿಗೊಮ್ಮೆ ಒಂದು ಟ್ಯಾಗಿನ ಸಂಖ್ಯೆಯನ್ನು ಒಂದೊಂದೇ ಏರಿಸುತ್ತಾ ಹೋಗುತ್ತದೆ; ಪಿಎಲ್‌ಸಿ ತನ್ನ ಟೈಮರ್ ಹಿಡಿದು ಅದನ್ನು ಗಮನಿಸುತ್ತದೆ. ನೀವು ನಿಗದಿ ಮಾಡಿದ ಅವಧಿಯಲ್ಲಿ, ಉದಾಹರಣೆಗೆ 5 ಸೆಕೆಂಡಿನಲ್ಲಿ, ಸಂಖ್ಯೆ ಬದಲಾಗದಿದ್ದರೆ ಪಿಎಲ್‌ಸಿ ದೂರದ ಅಧಿಕಾರವನ್ನು ಹಿಂತೆಗೆದುಕೊಂಡು, ದೂರದಿಂದ ಬಂದ ಎಲ್ಲ ಆಜ್ಞೆಯ ಟ್ಯಾಗುಗಳನ್ನೂ 0 ಮಾಡುತ್ತದೆ. ಈ ಎಣಿಕೆ ಶುರುವಾಗಬೇಕಾದದ್ದು ಆಪರೇಟರಿನ ಪರದೆಯಲ್ಲಿ. ಪ್ಯಾನೆಲಿನೊಳಗಿನ ಗೇಟ್‌ವೇಯೇ ಎಣಿಸುವಂತೆ ಬರೆದುಬಿಟ್ಟರೆ, ಹೊರಗಿನ ಸಂಪರ್ಕ ಸತ್ತಿದ್ದರೂ ಅದು ಪಿಎಲ್‌ಸಿಗೆ ‘ಎಲ್ಲ ಸರಿಯಾಗಿದೆ’ ಎಂದು ಹೇಳುತ್ತಲೇ ಇರುತ್ತದೆ.

ಅಧಿಕಾರ ಹಿಂತೆಗೆದ ಮೇಲೆ ಯಂತ್ರ ಏನು ಮಾಡಬೇಕು ಎಂಬುದಕ್ಕೆ ಎಲ್ಲಕ್ಕೂ ಒಪ್ಪುವ ಉತ್ತರವಿಲ್ಲ. ಪ್ಯಾಕಿಂಗ್ ಯಂತ್ರ ನಡೆಯುತ್ತಿರುವ ಸುತ್ತನ್ನು ಮುಗಿಸಿ ನಿಲ್ಲಬಹುದು. ಒಲೆಯೊಳಗೆ ಸರಕು ಇರುವಾಗ ಕನ್ವೇಯರ್ ತಟ್ಟನೆ ನಿಂತರೆ ಒಳಗಿರುವುದು ಸುಟ್ಟುಹೋಗಬಹುದು; ಅಲ್ಲಿ ಇದ್ದ ಸೆಟ್‌ಪಾಯಿಂಟಿನಲ್ಲೇ ಮುಂದುವರಿದು, ಸ್ಥಳದಲ್ಲಿ ಅಲಾರಂ ಹೊಡೆಯುವುದೇ ಮೇಲು. ಪ್ರತಿ ಯಂತ್ರವನ್ನು ಬಲ್ಲ ಆಪರೇಟರುಗಳನ್ನು ಕೂರಿಸಿಕೊಂಡು ಇದನ್ನು ತೀರ್ಮಾನಿಸಿ. ಈ ವಿಷಯದಲ್ಲಿ ತಂತ್ರಾಂಶ ಬರೆಯುವವರಿಗಿಂತ ಅವರ ಮಾತಿಗೆ ತೂಕ ಹೆಚ್ಚು.

ಸಂಪರ್ಕ ಮರಳಿ ಬಂದಾಗ ಹಳೆಯ ಆಜ್ಞೆಗಳು ಮತ್ತೆ ಜೀವ ತಳೆಯಬಾರದು. ಎಂಕ್ಯುಟಿಟಿ ಎಂಬ ಪ್ರೋಟೊಕಾಲ್ ಬಳಸುವವರು ಇಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಅದರಲ್ಲಿ ಸಂದೇಶಕ್ಕೆ ‘ರಿಟೇನ್’ ಗುರುತು ಹಾಕಿದ್ದರೆ ನಡುವಿನ ಸರ್ವರ್ ಕೊನೆಯ ಸಂದೇಶವನ್ನು ಉಳಿಸಿಕೊಂಡು, ಸಾಧನ ಮತ್ತೆ ಸೇರಿಕೊಂಡು ಆ ವಿಷಯಕ್ಕೆ ಚಂದಾದಾರನಾದಾಗಲೆಲ್ಲ ಅದನ್ನು ತಲುಪಿಸುತ್ತದೆ. ತಾಪಮಾನದ ಮಾಹಿತಿಗೆ ಇದು ಅನುಕೂಲ. ‘ಚಾಲೂ ಮಾಡು’ ಎಂಬ ಆಜ್ಞೆಗೆ ಇದೇ ಗುರುತು ಬಿದ್ದಿದ್ದರೆ, ಕರೆಂಟ್ ಹೋಗಿ ಬಂದ ಕೂಡಲೇ ನಿನ್ನೆಯ ಆಜ್ಞೆಗೆ ಇಂದು ಯಂತ್ರ ಎದ್ದು ಓಡಬಹುದು. ಆಜ್ಞೆಗಳಿಗೆ ಎಂದೂ ಈ ಗುರುತು ಹಾಕಬೇಡಿ. ಜೊತೆಗೆ ಪ್ರತಿ ಆಜ್ಞೆಗೂ ಒಂದು ಕ್ರಮಸಂಖ್ಯೆ ಮತ್ತು ಸಮಯ ಸೇರಿಸಿ, ಹಳತಾದದ್ದನ್ನೂ ಎರಡನೆಯ ಸಲ ಬಂದದ್ದನ್ನೂ ಪಿಎಲ್‌ಸಿ ಅಥವಾ ಗೇಟ್‌ವೇ ತಿರಸ್ಕರಿಸುವಂತೆ ಮಾಡಿ. ಸಮಯ ನೋಡಿ ತಿರಸ್ಕರಿಸಬೇಕಾದರೆ ಎಲ್ಲ ಸಾಧನಗಳ ಗಡಿಯಾರವೂ ಒಂದೇ ಆಗಿರಬೇಕು, ಅದಕ್ಕೆ ಜಾಲದ ಮೂಲಕ ಗಡಿಯಾರಗಳನ್ನು ಸರಿಪಡಿಸುವ ಎನ್‌ಟಿಪಿ ಸೇವೆಯನ್ನು ಹೊಂದಿಸಿ.

ಚಾಲೂ ಮಾಡಲು ಮತ್ತು ನಿಲ್ಲಿಸಲು ಒಂದೇ ಗುಂಡಿ ಬೇಡ. ಉತ್ತರ ತಡವಾಯಿತೆಂದು ಎರಡು ಸಲ ಒತ್ತಿದರೆ ಯಂತ್ರ ಚಾಲೂ ಆಗಿ ಮತ್ತೆ ನಿಲ್ಲುತ್ತದೆ, ಅಥವಾ ನಿಂತು ಮತ್ತೆ ಚಾಲೂ ಆಗುತ್ತದೆ. ಸೆಟ್‌ಪಾಯಿಂಟಿನ ಮೇಲುಮಿತಿ ಕೆಳಮಿತಿಗಳು ಪರದೆಯಲ್ಲಿ ಇದ್ದರೂ ಸಾಲದು, ಪಿಎಲ್‌ಸಿಯೊಳಗೂ ಇರಬೇಕು. 180 ಎಂದು ಬರೆಯುವಲ್ಲಿ 1800 ಎಂದು ಬೆರಳು ತಪ್ಪಿದರೆ ತಡೆಯುವುದು ಪಿಎಲ್‌ಸಿಯೊಳಗಿನ ಆ ಮಿತಿಯೇ. ಕೊನೆಯದಾಗಿ, ಪರದೆಯ ಮೇಲಿನ ಮೌಲ್ಯ ಕೆಲವು ಸೆಕೆಂಡುಗಳಿಗಿಂತ ಹಳೆಯದಾದರೆ ಅದು ಬೂದು ಬಣ್ಣಕ್ಕೆ ತಿರುಗಲಿ. ಹತ್ತು ನಿಮಿಷದ ಹಿಂದಿನ ತಾಪಮಾನ ಹಸಿರು ಅಕ್ಷರಗಳಲ್ಲಿ ನಿಶ್ಚಲವಾಗಿ ನಿಂತಿದ್ದರೆ ನೋಡುವವರು ಅದನ್ನು ಈಗಿನದೆಂದೇ ನಂಬುತ್ತಾರೆ. ಕ್ಯಾಮೆರಾ ಚಿತ್ರವೂ ಟ್ಯಾಗುಗಳಿಗಿಂತ ತಡವಾಗಿ ಬರುವುದುಂಟು. ಚಿತ್ರದಲ್ಲಿ ಯಾರೂ ಕಾಣುತ್ತಿಲ್ಲವೆಂಬುದನ್ನು ಯಂತ್ರದ ಬಳಿ ಯಾರೂ ಇಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಒಪ್ಪಬೇಡಿ.

ಹಂತ 7: ಯಾರಿಗೆ, ಎಷ್ಟು ಹೊತ್ತು

ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ, ಪಾಸ್‌ವರ್ಡಿನ ಜೊತೆಗೆ ಎರಡನೆಯ ದೃಢೀಕರಣ, ಅಂದರೆ ಫೋನಿಗೆ ಬರುವ ಕೋಡ್ ಅಥವಾ ಭೌತಿಕ ಕೀ, ಕಡ್ಡಾಯ. ‘ಮೆಂಟೆನೆನ್ಸ್’ ಎಂಬ ಒಂದೇ ಖಾತೆಯನ್ನು ಎಲ್ಲ ಪಾಳಿಯವರೂ ಹಂಚಿಕೊಂಡರೆ ದಾಖಲೆಗಳಿಗೆ ಅರ್ಥವಿರುವುದಿಲ್ಲ.

2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ನಡೆದ ದಾಳಿಯಲ್ಲಿ ದುಷ್ಕರ್ಮಿಗಳು ಕದ್ದ ಖಾತೆಗಳಿಂದ ವಿಪಿಎನ್ ಮೂಲಕ ಒಳಬಂದು, ನಿಯಂತ್ರಣ ತಂತ್ರಾಂಶದಿಂದಲೇ ಬ್ರೇಕರುಗಳನ್ನು, ಅಂದರೆ ಭಾರಿ ವಿದ್ಯುತ್ ಸ್ವಿಚ್ಚುಗಳನ್ನು, ಆಫ್ ಮಾಡಿದರು, ಸುಮಾರು 2.25 ಲಕ್ಷ ಗ್ರಾಹಕರಿಗೆ ವಿದ್ಯುತ್ ಕಡಿತವಾಯಿತು. ಆಪರೇಟರುಗಳ ಕಣ್ಣೆದುರೇ ಪರದೆಯ ಮೌಸ್ ತಾನಾಗಿ ಸರಿಯುತ್ತಿತ್ತು. ಸಿಬ್ಬಂದಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ್ದರಿಂದ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿತು. ವಿಪಿಎನ್ ಇದ್ದ ಮಾತ್ರಕ್ಕೆ ಸಾಲದು, ಸ್ಥಳದಲ್ಲಿ ಕೈಯಿಂದ ನಡೆಸಬಲ್ಲವರು ಇರಲೇಬೇಕು ಎಂಬ ಎರಡೂ ಪಾಠಗಳು ಈ ಒಂದು ಘಟನೆಯಲ್ಲಿವೆ.

ಯಂತ್ರ ತಯಾರಕರ ಎಂಜಿನಿಯರಿಗೆ ಕಾಯಂ ಪ್ರವೇಶ ಕೊಡಬೇಡಿ. ಅನೇಕ ಗೇಟ್‌ವೇಗಳಲ್ಲಿ ವಿಪಿಎನ್ ಚಾಲೂ ಮಾಡಲು ಪ್ಯಾನೆಲಿನಿಂದ ಸಂಕೇತ ಕೊಡುವ, ತಂತಿ ಜೋಡಿಸುವ ಟರ್ಮಿನಲ್ ಇರುತ್ತದೆ. ಅದಕ್ಕೊಂದು ಕೀಲಿ ಸ್ವಿಚ್ ಜೋಡಿಸಿದರೆ, ಕೆಲಸವಿದ್ದಾಗ ಮಾತ್ರ ಆಪರೇಟರ್ ದಾರಿ ತೆರೆದು, ಮುಗಿದ ಮೇಲೆ ಮುಚ್ಚಬಹುದು. ಕೆಲವು ಪಿಎಲ್‌ಸಿಗಳ ಮೈಮೇಲೆಯೇ ರನ್, ಪ್ರೋಗ್ರಾಮ್ ಎಂಬ ಸ್ಥಾನಗಳುಳ್ಳ ಕೀಲಿ ಇರುತ್ತದೆ. ಅದನ್ನು ರನ್‌ನಲ್ಲಿಟ್ಟು ಕೀಲಿಯನ್ನು ಹೊರಗೆ ತೆಗೆದಿಡಿ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರ ಸುರಕ್ಷತಾ ನಿಯಂತ್ರಕದೊಳಗೆ ಟ್ರೈಟನ್ ಎಂಬ ದುಷ್ಟ ತಂತ್ರಾಂಶ ಸೇರಿಕೊಂಡಾಗ, ನಿಯಂತ್ರಕದ ಕೀಲಿ ಪ್ರೋಗ್ರಾಮ್ ಸ್ಥಾನದಲ್ಲೇ ಉಳಿದಿತ್ತು.

ಹಂತ 8: ಕೆಡಿಸಿ ನೋಡಿ

ಎಲ್ಲ ಸರಿಯಿರುವಾಗ ನಡೆಯುತ್ತದೆಯೇ ಎಂದು ನೋಡುವುದು ಪರೀಕ್ಷೆಯಲ್ಲ. ಉತ್ಪಾದನೆ ಇಲ್ಲದ ದಿನ, ಯಂತ್ರದ ಬಳಿ ಆಪರೇಟರ್ ನಿಂತಿರುವಾಗ, ಕೆಳಗಿನವನ್ನು ಒಂದೊಂದಾಗಿ ಮಾಡಿ ಫಲಿತಾಂಶ ಬರೆದಿಡಿ.

1. ಆಜ್ಞೆ ಕೊಟ್ಟ ಕೂಡಲೇ ಗೇಟ್‌ವೇಯ ಇಂಟರ್ನೆಟ್ ಕೇಬಲ್ ಕಿತ್ತುಬಿಡಿ.
2. ಕೇಬಲ್ ಹಾಗೇ ಇರಲಿ, ಆಪರೇಟರಿನ ಲ್ಯಾಪ್‌ಟಾಪಿನ ಬ್ರೌಸರ್ ಮಾತ್ರ ಮುಚ್ಚಿ. ಗೇಟ್‌ವೇಯೇ ಎಣಿಸುತ್ತಿರುವ ಸುಳ್ಳು ಹಾರ್ಟ್‌ಬೀಟ್ ಸಿಕ್ಕಿಬೀಳುವುದು ಇಲ್ಲಿ.
3. ಗೇಟ್‌ವೇಯ ವಿದ್ಯುತ್ ತೆಗೆದು ಮತ್ತೆ ಕೊಡಿ. ನಂತರ ಪಿಎಲ್‌ಸಿಗೂ ಹಾಗೆಯೇ ಮಾಡಿ. ಯಂತ್ರ ತಾನಾಗಿ ಅಲುಗಬಾರದು.
4. ಸ್ವಿಚ್ಚನ್ನು ಲೋಕಲ್‌ಗೆ ತಿರುಗಿಸಿ, ದೂರದಿಂದ ಎಲ್ಲ ಆಜ್ಞೆಗಳನ್ನೂ ಕಳುಹಿಸಿ ನೋಡಿ.
5. ಇಬ್ಬರು ಎರಡು ಕಡೆಯಿಂದ ಒಂದೇ ಸೆಟ್‌ಪಾಯಿಂಟನ್ನು ಬದಲಿಸಲು ಯತ್ನಿಸಿ.
6. ಮಿತಿಗೆ ಮೀರಿದ ಮೌಲ್ಯ ಬರೆದು, ಪಿಎಲ್‌ಸಿ ಅದನ್ನು ಹೇಗೆ ನಿಭಾಯಿಸಿತು ಎಂದು ಓದಿಕೊಳ್ಳಿ.

ಇವುಗಳಲ್ಲಿ ಒಂದು ತಪ್ಪಿದರೂ ಬರೆಯುವ ಅನುಮತಿಗಳನ್ನು ಹಿಂತೆಗೆದು, ಓದುವುದಕ್ಕೆ ಸೀಮಿತಗೊಳಿಸಿ ಸರಿಪಡಿಸಿಕೊಳ್ಳಿ. ಪ್ರೋಗ್ರಾಮ್ ಅಥವಾ ಗೇಟ್‌ವೇಯ ಫರ್ಮ್‌ವೇರ್ ಬದಲಾದಾಗಲೆಲ್ಲ ಮೊದಲ ಮೂರು ಪರೀಕ್ಷೆಗಳನ್ನು ಮತ್ತೆ ಮಾಡಬೇಕು. ಯಾರಾದರೂ ಕೆಲಸ ಬಿಟ್ಟ ದಿನ ಅಥವಾ ನಿರ್ವಹಣಾ ಗುತ್ತಿಗೆ ಮುಗಿದ ದಿನ ಅವರ ಖಾತೆಯನ್ನು ಮುಚ್ಚಿ, ಪ್ಯಾನೆಲಿನೊಳಗೆ ಅವರು ಬಿಟ್ಟುಹೋದ ಸಿಮ್ ಮೋಡೆಮ್ ಇದೆಯೇ ಎಂದು ಬಾಗಿಲು ತೆರೆದು ಕಣ್ಣಾರೆ ನೋಡಿ. ನಿಮ್ಮ ಫೈರ್‌ವಾಲ್ ಕಾಣದ ದಾರಿ ಅದು.